ಬೇಲಿಗೆ ತೆಗೆದ ಅಳತೆ

ಟೈಲರ್ ಮಾಸ್ಟರು ಬಟ್ಟೆಯ ವಿಷಯದಲ್ಲಿ ಧಾರಾಳಿ, ಲೆಕ್ಕದ ವಿಷಯದಲ್ಲಿ ಮಹಾ ಜಿಪುಣ. ಲೆಕ್ಕ ಹಾಕುವಾಗ ಮಾತ್ರ ಜಿಪುಣ, ಖರ್ಚು ಮಾಡುವಾಗ ಅಲ್ಲ. ಒಂದು ಕೋಟು ಹೊಲಿಯಲು ಎಷ್ಟಾಗುತ್ತದೆ ಎಂದು ಯಾರಾದರೂ ಕೇಳಿದರೆ, ಅವರು ಮೊದಲು ಗಿರಾಕಿಯ ಮುಖ ನೋಡುತ್ತಿದ್ದರು. ಎಷ್ಟು ಹೇಳಿದರೆ ಆ ಮುಖ ಸಪ್ಪಗಾಗುವುದಿಲ್ಲವೋ ಅಷ್ಟನ್ನು ಹೇಳುತ್ತಿದ್ದರು. ಆಮೇಲೆ ಲೈನಿಂಗು, ಗುಂಡಿ, ಕ್ಯಾನ್ವಾಸು ಎಂದು ಒಂದೊಂದಕ್ಕೂ ತಮ್ಮ ಜೇಬಿಗೇ ಕೈ ಹಾಕುವುದು, ಕೋಟು ತೊಟ್ಟ ಗಿರಾಕಿ ಕನ್ನಡಿಯ ಮುಂದೆ ಹಿಗ್ಗಿದಾಗ ತಾವೂ ಜೊತೆಗೆ ಹಿಗ್ಗುವುದು. ಔಷಧಿ ಅಂಗಡಿಯಲ್ಲಿ ದುಡ್ಡೆಣಿಸುತ್ತಲೇ ತಲೆ ನರೆತ ಅವರ ಹೆಂಡತಿಗೆ ಇದನ್ನು ನೋಡಿ ನೋಡಿ ಸಾಕಾಗಿತ್ತು. ಬೀದಿಯವರು ಆಕೆಯನ್ನು ಕ್ಯಾಷಿಯರಮ್ಮ ಎಂದೇ ಕರೆಯುತ್ತಿದ್ದರು. ಗಂಡ ಯಾವ ಅಂಕಿ ಹೇಳಿದರೂ ಅದರ ಮೇಲೆ ಅರ್ಧ ಸೇರಿಸಿಕೊಂಡೇ ಕಿವಿಗೆ ಹಾಕಿಕೊಳ್ಳುವುದು ಕ್ಯಾಷಿಯರಮ್ಮನವರ ಅಭ್ಯಾಸ.

ಅವರ ಮನೆ ಇದ್ದದ್ದು ಊರು ಮುಗಿಯುವ ಕಡೆ. ಬೀದಿ ಅಲ್ಲಿಗೆ ನಿಂತುಹೋಗುತ್ತಿತ್ತು, ಆಚೆಗೆ ಕಣ್ಣು ಹಾಯುವಷ್ಟು ದೂರವೂ ಮರಳು. ಮಳೆ ಅಲ್ಲಿಗೆ ಅಪರೂಪದ ನೆಂಟ, ಬಂದರೂ ಹೊಸ್ತಿಲಲ್ಲೇ ಎರಡು ಮಾತಾಡಿ ಹೊರಟುಬಿಡುತ್ತಿತ್ತು. ಗಾಳಿ ಮಾತ್ರ ಹಾಗಲ್ಲ. ಮಧ್ಯಾಹ್ನದ ಊಟವಾಗಿ ಕೈ ತೊಳೆಯುವಷ್ಟರಲ್ಲಿ ಪಶ್ಚಿಮದಿಂದ ಎದ್ದು, ಹಿತ್ತಲನ್ನು ದಾಟಿ, ಕೇಳದೆ ಮಾಡದೆ ಒಳಗೆ ನುಗ್ಗುತ್ತಿತ್ತು. ಹಾಸಿಗೆಯಲ್ಲಿ ಮರಳು, ಹಿಟ್ಟಿನ ಡಬ್ಬದಲ್ಲಿ ಮರಳು, ಮಿಷನ್ನಿನ ಹಲ್ಲಿನಲ್ಲಿ ಮರಳು. ದಿನವೆಲ್ಲ ಕೌಂಟರಿನಲ್ಲಿ ನಿಂತು ಬಂದ ಕ್ಯಾಷಿಯರಮ್ಮ ಚಪ್ಪಲಿ ಬಿಟ್ಟ ತಕ್ಷಣ ಪೊರಕೆ ಹಿಡಿಯಬೇಕಿತ್ತು. ಈಚೆಗೆ ಸೊಂಟ ಬೇರೆ ಹಿಡಿದುಕೊಳ್ಳುತ್ತಿತ್ತು. ಹಿತ್ತಲ ಜಗಲಿಯ ಮೇಲೆ ಸಂಜೆ ಹೊತ್ತು ಕಾಲು ಚಾಚಿ ಕೂರಬೇಕು ಎನ್ನುವುದು ಆಕೆಯ ಬಹಳ ವರ್ಷದ ಆಸೆ. ಅದು ಬರೀ ಆಸೆಯಾಗಿಯೇ ಉಳಿದಿತ್ತು.

ಹೀಗಿರುವಾಗ ಮಗಳು ಒಂದು ಸುದ್ದಿ ತಂದಳು. ಊರಿನ ನಡುವೆ, ತಾನಿರುವ ಕಟ್ಟಡದಲ್ಲೇ, ತನ್ನ ಮನೆಯ ಕೆಳಗಿನ ಫ್ಲ್ಯಾಟು ಬಾಡಿಗೆಗೆ ಖಾಲಿಯಾಗಿದೆ. ಕಿಟಕಿಗೆಲ್ಲ ಎರಡೆರಡು ಗಾಜು, ಮರಳಿನ ಕಾಟವಿಲ್ಲ, ಲಿಫ್ಟು ಇದೆ, ಅಮ್ಮನ ಅಂಗಡಿಗೂ ಹತ್ತಿರ. ತಿಂಗಳ ಕೊನೆಯವರೆಗೂ ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾಲೀಕರು ಮಾತು ಕೊಟ್ಟಿದ್ದಾರೆ. ಒಂದೇ ಒಂದು ಷರತ್ತು, ಮನೆಯೊಳಗೆ ಹೊಲಿಗೆ ಗಿಲಿಗೆ ನಡೆಸುವಂತಿಲ್ಲ. ಮಿಷನ್ನಿನ ಸದ್ದು ಕೆಳಗಿನವರಿಗೆ ಆಗುವುದಿಲ್ಲ. ಅಪ್ಪನಿಗೂ ಇನ್ನು ವಿಶ್ರಾಂತಿ ಬೇಡವೇ ಎಂದು ಮಗಳು ಅಕ್ಕರೆಯಿಂದಲೇ ಕೇಳಿದಳು.

ವಿಶ್ರಾಂತಿ ಎಂದರೆ ಮಾಸ್ಟರಿಗೆ ಗೊತ್ತಿದ್ದದ್ದು ಸೂಜಿಗೆ ದಾರ ಪೋಣಿಸುವಾಗ ಕಾಲು ಮಿಷನ್ನಿನ ಪೆಡಲು ತುಳಿಯದೆ ಸುಮ್ಮನಿರುವ ಆ ಒಂದು ಗಳಿಗೆ ಮಾತ್ರ. ಮಿಷನ್ನಿಲ್ಲದ ಮನೆಯಲ್ಲಿ ಬೆಳಗಾದರೆ ಎದ್ದು ಏನು ಮಾಡುವುದು? ಆದರೆ ಹೆಂಡತಿಯ ಮುಖ ನೋಡಿದರು. ಎರಡೆರಡು ಗಾಜಿನ ಕಿಟಕಿ ಎಂದ ಕೂಡಲೇ ಆ ಮುಖ ಅರಳಿದ್ದನ್ನು ಕಂಡರು. ಆಕೆಯ ಸೊಂಟಕ್ಕೆ ಎದುರು ವಾದ ಹೂಡುವಷ್ಟು ಕಟುಕರೇನೂ ಅವರಲ್ಲ. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. ಹಿತ್ತಲ ಪಶ್ಚಿಮಕ್ಕೆ ಒಂದು ಮರದ ಬೇಲಿ ಹಾಕಿದರೆ ಮರಳು ಒಳಗೇ ಬರುವುದಿಲ್ಲ, ಬಡಗಿ ಗಿಡಗಿ ಬೇಡ, ನಾನೇ ಹಾಕುತ್ತೇನೆ ಎಂದರು.

"ಎಷ್ಟಾಗುತ್ತೆ?" ಎಂದರು ಕ್ಯಾಷಿಯರಮ್ಮ.

"ನಾಳೆ ಬೆಳಿಗ್ಗೆ ಪೈಸೆ ಪೈಸೆ ಲೆಕ್ಕ ಕೊಡ್ತೀನಿ."

"ಕೊಡಿ. ನೀವು ಬಾಯಲ್ಲಿ ಎಷ್ಟು ಹೇಳ್ತೀರೋ ಅಷ್ಟನ್ನ ಕೈಗೆ ಇಡ್ತೀನಿ. ಅದರ ಮೇಲೆ ಒಂದು ಕಾಸೂ ಇಲ್ಲ. ಅಷ್ಟರಲ್ಲಿ ಬೇಲಿ ಎದ್ದು, ಮರಳು ನಿಂತರೆ ನಾವು ಇಲ್ಲೇ ಇರೋಣ. ಇಲ್ಲಾಂದ್ರೆ ತಿಂಗಳ ಕೊನೆಗೆ ಫ್ಲ್ಯಾಟಿಗೆ ಮುಂಗಡ ಕೊಟ್ಟುಬಿಡೋದು. ಆಮೇಲೆ ಮುಖ ಊದಿಸ್ಕೊಂಡು ಕೂರಬಾರದು."

ಮರುದಿನ ಮಾಸ್ಟರು ಕುತ್ತಿಗೆಗೆ ಟೇಪು ಹಾಕಿಕೊಂಡು ಹಿತ್ತಲಿಗಿಳಿದರು. ಟೈಲರ್ ಟೇಪಿನಲ್ಲಿ ಹಿತ್ತಲು ಅಳೆಯುವುದೆಂದರೆ ಚಮಚದಲ್ಲಿ ಟ್ಯಾಂಕು ತುಂಬಿದ ಹಾಗೆ. ಟೇಪು ಮುಗಿದ ಕಡೆ ಕಾಲಿನ ಹೆಬ್ಬೆರಳು ಊರಿ, ಅಲ್ಲಿಂದ ಮತ್ತೆ ಹಿಡಿದು, ಹಾಗೇ ಕುಪ್ಪಳಿಸುತ್ತ ಆ ಮೂಲೆ ಸೇರಿದರು. ಆಮೇಲೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಶುರುವಾಯಿತು. ಅಂಥ ಲೆಕ್ಕವನ್ನು ಅವರು ಜನ್ಮದಲ್ಲಿ ಹಾಕಿರಲಿಲ್ಲ. ಹಿಂದಿನ ಸಂಜೆಯೇ ಊರೆಲ್ಲ ಸುತ್ತಿ ವಿಚಾರಿಸಿದ್ದರು. ಈ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ, ಮೊಳೆ ಹೊಡೆದರೆ ಸಡಿಲವಾಗಿ ಉದುರುತ್ತದೆ, ಆದ್ದರಿಂದ ಸ್ಕ್ರೂ. ಬಣ್ಣ ಬಳಿದರೆ ಒಂದೇ ಬೇಸಗೆಗೆ ಸಿಪ್ಪೆ ಏಳುತ್ತದೆ, ಆದ್ದರಿಂದ ಮರಕ್ಕೆ ಕುಡಿಸುವ ಎಣ್ಣೆ, ಅದೂ ಎರಡು ಕೈ. ಸ್ಕ್ರೂ ತಿರುಗಿಸುವ ಮಿಷನ್ನಿನ ಬಾಡಿಗೆ. ಮರ ತರುವ ಗಾಡಿಯ ಬಾಡಿಗೆ. ಹಲಗೆಗಳು ಒಂದಕ್ಕೊಂದು ತಾಗಿಕೊಂಡರೆ ಸಾಲದು, ಒಂದರ ಮೇಲೊಂದು ಎರಡು ಬೆರಳು ಹತ್ತಿಕೊಳ್ಳಬೇಕು ಎಂದು ಅದಕ್ಕೂ ಹಲಗೆ ಸೇರಿಸಿದರು. ಹೊಲಿಗೆಗೆ ಬಿಡದೆ ಬಟ್ಟೆ ಕತ್ತರಿಸುವವನು ಯಾವ ಸೀಮೆ ಟೈಲರು?

ಕೊನೆಯಲ್ಲಿ, ಕೈ ತಪ್ಪಿದರೆ ಇರಲಿ ಎಂದು ಇನ್ನೊಂದಿಷ್ಟು ಬರೆದರು. ಮೊತ್ತ ಕೂಡಿದಾಗ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಆ ಇನ್ನೊಂದಿಷ್ಟನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟರು. ಅಂಕಿ ಈಗ ನೋಡಲು ಚೆನ್ನಾಗಿತ್ತು. ಹೋಗಿ ಹೇಳಿದರು. ಕ್ಯಾಷಿಯರಮ್ಮ ಎರಡು ಸಲ ಎಣಿಸಿ, ಹೇಳಿದಷ್ಟನ್ನೇ ಕೈಗಿಟ್ಟರು. ತಲೆಯೊಳಗೆ ಅರ್ಧ ಸೇರಿಸಿಕೊಂಡದ್ದನ್ನು ಮಾತ್ರ ತುಟಿ ದಾಟಿಸಲಿಲ್ಲ.

ಮರದ ಡಿಪೋದ ಸಾಹುಕಾರ ಮಾಸ್ಟರ ಹಳೇ ಗಿರಾಕಿ. ಹೊಟ್ಟೆ ಬಂದ ಮೇಲೂ ಹೊಟ್ಟೆ ಕಾಣದಂಥ ಪ್ಯಾಂಟು ಹೊಲಿದುಕೊಡುತ್ತಿದ್ದವರು ಈ ಮಾಸ್ಟರೇ, ಹಾಗಾಗಿ ಗೌರವ ಜಾಸ್ತಿ. ಹಲಗೆಯ ಅಳತೆಯನ್ನು ಇಂಚಿನಲ್ಲಿ, ಅದೂ ಕಾಲು ಇಂಚು ಮುಕ್ಕಾಲು ಇಂಚು ಸಮೇತ ಹೇಳಿದಾಗ ನಗು ತಡೆದುಕೊಂಡು ಅಡಿಯ ಲೆಕ್ಕಕ್ಕೆ ತಿರುಗಿಸಿಕೊಂಡ. ಒಣಗಿದ ಹಲಗೆಗಳನ್ನೇ ಆರಿಸಿ ಕೊಟ್ಟ. ಉಳಿದ ಸಾಮಾನೆಲ್ಲ ಇದೆಯೇ ಎಂದೂ ಕೇಳಿದ. ಎಲ್ಲ ಇದೆ, ಎಲ್ಲಕ್ಕೂ ಲೆಕ್ಕ ಹಾಕಿಯೇ ಬಂದಿದ್ದೇನೆ ಎಂದು ಮಾಸ್ಟರು ಎದೆ ಉಬ್ಬಿಸಿದರು. ಎಣ್ಣೆ, ಸ್ಕ್ರೂ, ಹಲಗೆ, ಮಿಷನ್ನಿನ ಬಾಡಿಗೆ, ಗಾಡಿಯ ಬಾಡಿಗೆ, ಎಲ್ಲ ಸೇರಿ ಜೇಬು ಸರಿಯಾಗಿ ಖಾಲಿಯಾಯಿತು. ಲೆಕ್ಕ ಅಷ್ಟು ಕರಾರುವಾಕ್ಕಾಗಿ ಕೂಡಿಬಂದದ್ದು ಇದೇ ಮೊದಲು. ದಾರಿಯುದ್ದಕ್ಕೂ ಗಾಡಿಯ ಡ್ರೈವರಿಗೆ ತಮ್ಮ ಲೆಕ್ಕಾಚಾರವನ್ನೇ ವರ್ಣಿಸಿದರು.

ಮನೆಗೆ ಬಂದವರು ಹಿತ್ತಲ ನೆಲದ ಮೇಲೆ ಹಲಗೆಗಳನ್ನು ಸಾಲಾಗಿ ಹರಡಿದರು. ಕತ್ತರಿಸಿದ ಬಟ್ಟೆಯ ತುಂಡುಗಳನ್ನು ಹೊಲಿಯುವ ಮುಂಚೆ ಮೇಜಿನ ಮೇಲೆ ಜೋಡಿಸಿ ನೋಡುವುದು ಅವರ ಪದ್ಧತಿ. ಎರಡು ಬೆರಳು ಒಂದರ ಮೇಲೊಂದು, ಒಂದು ಕೂದಲೂ ಅತ್ತಿತ್ತ ಇಲ್ಲ. ಈ ಮೂಲೆಯಿಂದ ಆ ಮೂಲೆಗೆ ಸರಿಹೋಯಿತು. ಮಾಸ್ಟರು ಸೊಂಟದ ಮೇಲೆ ಕೈಯಿಟ್ಟು ನಿಂತು ಹೆಂಡತಿಯನ್ನು ಕರೆದರು.

ಕ್ಯಾಷಿಯರಮ್ಮ ಬಂದು ನೋಡಿದರು. ಈ ತುದಿಯಿಂದ ಆ ತುದಿಗೆ ನಡೆದರು. ಚೆನ್ನಾಗಿದೆ ಎಂದರು, ನಿಜವಾಗಿಯೂ ಚೆನ್ನಾಗಿಯೇ ಇತ್ತು. ಆಮೇಲೆ ಕೇಳಿದರು.

"ರೀ, ಇದು ಎದ್ದು ನಿಲ್ಲೋದು ಯಾವುದರ ಮೇಲೆ?"

ಮಾಸ್ಟರು ಹಲಗೆ ನೋಡಿದರು, ನೆಲ ನೋಡಿದರು, ಆಕಾಶವನ್ನೂ ಒಮ್ಮೆ ನೋಡಿದರು. ಕಂಬ. ಕಂಬಕ್ಕೆ ಲೆಕ್ಕವೇ ಹಾಕಿರಲಿಲ್ಲ. ಕಂಬದಿಂದ ಕಂಬಕ್ಕೆ ಹೊಡೆಯುವ ಅಡ್ಡಪಟ್ಟಿಗೂ ಇಲ್ಲ, ಕಂಬದ ಬುಡಕ್ಕೆ ಸುರಿಯುವ ಸಿಮೆಂಟಿಗೂ ಇಲ್ಲ. ನಲವತ್ತು ವರ್ಷ ಅಂಗಿ ಹೊಲಿದ ಮನುಷ್ಯ. ಅಂಗಿಗೆ ಬಟ್ಟೆ ಬೇಕು, ದಾರ ಬೇಕು, ಗುಂಡಿ ಬೇಕು. ಅಂಗಿ ನೆಟ್ಟಗೆ ನಿಲ್ಲಲು ಒಳಗೊಂದು ಮೈ ಬೇಕಲ್ಲ, ಅದನ್ನು ಗಿರಾಕಿ ತನ್ನ ಮನೆಯಿಂದ ತಾನೇ ತರುತ್ತಾನೆ. ಅದಕ್ಕೆ ಯಾವ ಟೈಲರೂ ಇದುವರೆಗೆ ಲೆಕ್ಕ ಹಾಕಿದ್ದಿಲ್ಲ.

ಇದನ್ನೇ ಅವರು ತೊದಲುತ್ತ ಹೆಂಡತಿಗೆ ಹೇಳಿದರು. ಕ್ಯಾಷಿಯರಮ್ಮ ಮೊದಲು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ತುಟಿ ಅದುರಿತು, ಆಮೇಲೆ ಭುಜ ಕುಣಿಯಿತು, ಕೊನೆಗೆ ಜಗಲಿಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂತು. ಅವರು ನಗುವುದನ್ನು ನೋಡಿ ಮಾಸ್ಟರೂ ನಕ್ಕರು, ತಮ್ಮ ಮೂರ್ಖತನ ಅಷ್ಟು ಸೊಗಸಾಗಿ ಯಾವತ್ತೂ ಕಂಡಿರಲಿಲ್ಲ.

"ಅಲ್ಲಾ," ಎಂದರು ಆಕೆ ಕಣ್ಣು ಒರೆಸಿಕೊಳ್ಳುತ್ತ, "ಈ ಮನೆಗೆ ಇಷ್ಟು ವರ್ಷ ಕಂಬ ಯಾರು ಅಂತಾನೇ ಲೆಕ್ಕಕ್ಕೆ ತಗೊಳ್ಳದೇ ಇದ್ದೋರು, ಬೇಲಿ ಕಂಬ ಲೆಕ್ಕಕ್ಕೆ ತಗೊಳ್ತೀರಾ?"

ನಗು ಮುಗಿಯಿತು. ದುಡ್ಡು ಮಾತ್ರ ಒಂದು ಕಾಸೂ ಜಾಸ್ತಿ ಇಲ್ಲ ಎಂದು ಎದ್ದು ಒಳಗೆ ಹೋದರು. ಮಾತೆಂದರೆ ಮಾತು. ಮಾಸ್ಟರು ಹಲಗೆಗಳ ನಡುವೆ ಒಬ್ಬರೇ ಉಳಿದರು. ಆಗ ಅವರಿಗೆ ನಿಜವಾದ ಭಯ ಶುರುವಾಯಿತು. ಮೇಜು, ಕತ್ತರಿ, ಕಿಟಕಿಯ ಪಕ್ಕದ ಮಿಷನ್ನು ಎಲ್ಲವನ್ನೂ ಯಾರಿಗೋ ಮಾರಿ, ಲಿಫ್ಟು ಹತ್ತಿ ಹೋಗಿ, ಗಾಜಿನ ಹಿಂದೆ ಕೈ ಕಟ್ಟಿ ಕೂತ ತಮ್ಮನ್ನು ಅವರು ಕಣ್ಣಾರೆ ಕಂಡರು.

ಮರುದಿನ ಡಿಪೋಗೆ ಹೋಗಿ ತಲೆ ತಗ್ಗಿಸಿ ವಿಷಯ ಹೇಳಿದರು. ಸಾಹುಕಾರ ನಗಲಿಲ್ಲ, ಅದು ಅವನ ದೊಡ್ಡತನ. ಅಥವಾ ಮಾಸ್ಟರು ಹೋದ ಮೇಲೆ ನಗೋಣ ಎಂದು ಇಟ್ಟುಕೊಂಡಿರಬಹುದು. ಮಾರಿದ ಮಾಲಿಗೆ ದುಡ್ಡು ವಾಪಸು ಕೊಡುವ ರೂಢಿ ತನ್ನಲ್ಲಿಲ್ಲ, ಮಾಲಿಗೆ ಮಾಲು ಬೇಕಾದರೆ ಬದಲಾಯಿಸಿಕೊಡುತ್ತೇನೆ ಎಂದ. ಕಂಬಗಳು, ಅಡ್ಡಪಟ್ಟಿಗಳು, ಸಿಮೆಂಟಿನ ಮೂಟೆಗಳು ಡಿಪೋದ ಗಾಡಿಯಲ್ಲೇ ಬಂದವು. ಅವುಗಳಿಗೆ ಬದಲಾಗಿ ಹಲಗೆಗಳಲ್ಲಿ ಅರ್ಧಕ್ಕರ್ಧ ಡಿಪೋ ಸೇರಿದವು.

ಉಳಿದರ್ಧವನ್ನು ಮುಂದಿಟ್ಟುಕೊಂಡು ಮಾಸ್ಟರು ಬಹಳ ಹೊತ್ತು ಕೂತರು. ಒಂದರ ಮೇಲೊಂದು ಎರಡು ಬೆರಳು ಹೋಗಲಿ, ಒಂದು ಹಲಗೆ ಹೊಡೆದರೆ ಪಕ್ಕದಲ್ಲಿ ಇನ್ನೊಂದು ಹಲಗೆಯಷ್ಟೇ ಸಂದಿ ಬಿಡಬೇಕು. ಆಗಷ್ಟೇ ಆ ಮೂಲೆ ಮುಟ್ಟೀತು. ಅರ್ಧ ಹಿತ್ತಲಿಗೆ ಗಟ್ಟಿಯಾಗಿ ಹಾಕಿ ಇನ್ನರ್ಧ ಬಿಟ್ಟುಬಿಡೋಣವೇ ಎಂದೂ ಯೋಚಿಸಿದರು. ಮುಂಭಾಗ ಮಾತ್ರ ಇರುವ ಕೋಟನ್ನು ಯಾರು ತೊಟ್ಟಾರು? ಸಂದಿಯೇ ಇರಲಿ ಎಂದು ತೀರ್ಮಾನಿಸಿದರು. ಮರಳು ಆ ಸಂದಿಯಲ್ಲಿ ನೆಟ್ಟಗೆ ನಡೆದು ಬರುತ್ತದೆ ಎನ್ನುವುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆದರೆ ಕೈ ಎತ್ತಿ ಕೂರುವುದಕ್ಕಿಂತ ಸೋಲುವವರೆಗಾದರೂ ಕೆಲಸ ಮಾಡೋಣ ಎಂದಿತು ಮನಸ್ಸು.

ಕೆಲಸವೆಲ್ಲ ಬೆಳಗಿನ ಜಾವದಲ್ಲೇ ಆಗಬೇಕಿತ್ತು. ಬಿಸಿಲೇರಿದರೆ ಹಾರೆ ಹಿಡಿದ ಕೈ ಸುಡುತ್ತಿತ್ತು. ಮಾಸ್ಟರು ಹಾರೆಗೆ, ಗುದ್ದಲಿಗೆ, ಸುತ್ತಿಗೆಗೆಲ್ಲ ಲೈನಿಂಗ್ ಬಟ್ಟೆಯ ಚೂರುಗಳಿಂದ ಚೆಂದದ ಕವಚ ಹೊಲಿದರು. ಕಂಬಕ್ಕೆ ಗುಂಡಿ ತೋಡುವಾಗ ಮೇಲಿನ ಮರಳು ಸಲೀಸಾಗಿ ಬಂತು, ಅದರ ಕೆಳಗಿನ ನೆಲ ಮಾತ್ರ ಹಾರೆಗೆ ಠಣ್ ಎಂದು ಉತ್ತರ ಕೊಟ್ಟಿತು. ರಾತ್ರಿ ಗುಂಡಿಗೆ ನೀರು ಹೊಯ್ದಿಟ್ಟು ಬೆಳಿಗ್ಗೆ ಅಗೆಯುವುದು, ಅಷ್ಟು ಅಗೆದು ಮತ್ತೆ ನೀರು ಹೊಯ್ಯುವುದು. ಮೊದಲ ಕಂಬ ನಿಲ್ಲಿಸುವ ದಿನ, ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈಯಲ್ಲಿ ಸಿಮೆಂಟು ಸುರಿಯಲು ಹೋಗಿ ಅವರು ಕಂಬದ ಸಮೇತ ವಾಲಿದರು. ಅಷ್ಟರಲ್ಲಿ ಇನ್ನೆರಡು ಕೈ ಬಂದು ಕಂಬವನ್ನು ಹಿಡಿದವು.

"ದುಡ್ಡು ಕೊಡಲ್ಲ ಅಂದಿದ್ದೆ," ಎಂದರು ಕ್ಯಾಷಿಯರಮ್ಮ. "ಕೈ ಜೋಡಿಸಲ್ಲ ಅಂದಿರಲಿಲ್ಲ. ಸುರೀರಿ ಬೇಗ, ಅಂಗಡಿಗೆ ಹೊತ್ತಾಗುತ್ತೆ."

ಅಲ್ಲಿಂದ ಮುಂದೆ ಅದು ಇಬ್ಬರ ಕೆಲಸವಾಯಿತು. ಸಿಮೆಂಟು ಬಿಸಿಲಿಗೆ ಬಿರುಕು ಬಿಡದಂತೆ ಒದ್ದೆ ಗೋಣಿಚೀಲ ಹೊದಿಸುವುದು ಆಕೆಯ ಪಾಲು, ಕಂಬ ನೆಟ್ಟಗಿದೆಯೇ ಎಂದು ದಾರಕ್ಕೆ ಕತ್ತರಿ ಕಟ್ಟಿ ಇಳಿಬಿಟ್ಟು ನೋಡುವುದು ಮಾಸ್ಟರ ಪಾಲು. ನಿನ್ನ ಕಡೆ ವಾಲಿದೆ, ಇಲ್ಲ ನಿಮ್ಮ ಕಡೆಯೇ ವಾಲಿದೆ ಎಂದು ದಿನಾ ಒಂದು ಸುತ್ತು ಜಗಳ. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅವರು ದಿನ ಬೆಳಗಾದರೆ ಅಷ್ಟು ಮಾತಾಡಿದ್ದೇ ಇಲ್ಲ. ಹಲಗೆಗಳು ಒಂದೊಂದಾಗಿ ಎದ್ದು ನಿಂತವು. ಎಣ್ಣೆ ಕುಡಿದ ಮರ ಜೇನಿನ ಬಣ್ಣಕ್ಕೆ ತಿರುಗಿತು. ಬೀದಿಯ ಜನ ಬಂದು ನೋಡಿ, ಬೇಲಿಗೆ ಗುಂಡಿ ಯಾವಾಗ ಹಚ್ಚುತ್ತೀರಿ, ಕಾಜಾ ಮಾತ್ರ ಬಿಟ್ಟಿದ್ದೀರಲ್ಲ ಎಂದು ರೇಗಿಸಿದರು. ಮಾಸ್ಟರು ಹಲ್ಲು ಕಿರಿದು, ಇದು ಹೊಸ ಫ್ಯಾಷನ್ನು ಎಂದರು. ಒಳಗೊಳಗೇ ಕುಗ್ಗಿದರು.

ಗಾಳಿ ಆ ವಾರವೆಲ್ಲ ಮಂದವಾಗಿತ್ತು, ಬೇಕೆಂದೇ ಕಾಯುತ್ತಿತ್ತೋ ಏನೋ. ಕೊನೆಯ ಸ್ಕ್ರೂ ತಿರುಗಿಸಿದ ಮೂರನೇ ದಿನ, ತಿಂಗಳ ಕೊನೆಗೆ ಒಂದೇ ದಿನ ಉಳಿದಿರುವಾಗ, ಮಗಳು ಬಂದಳು. ನಾಳೆ ಮುಂಗಡ ಕೊಡುವ ಸಮಯವನ್ನು ಗೊತ್ತು ಮಾಡಿಕೊಂಡೇ ಬಂದಿದ್ದಳು. ಬೇಲಿಯನ್ನು ನೋಡಿದಳು. ಅಪ್ಪನ ಮನಸ್ಸು ನೋಯಿಸಲಾರದೆ, ಮರ ಒಳ್ಳೆಯದಿದೆ ಎಂದಷ್ಟೇ ಹೇಳಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಪಶ್ಚಿಮದ ಆಕಾಶ ಕಂದುಬಣ್ಣಕ್ಕೆ ತಿರುಗಿತು. ಕಿಟಕಿ ಬಾಗಿಲು ಮುಚ್ಚುವಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಬೀದಿಯ ಆಚೆ ಎಲ್ಲೋ ತಗಡು ಕಿತ್ತು ಬಿದ್ದ ಸದ್ದಾಯಿತು. ಬೇಲಿ ಶಿಳ್ಳೆ ಹೊಡೆಯತೊಡಗಿತು. ಮಾಸ್ಟರು ತಟ್ಟೆಯಿಂದ ತಲೆ ಎತ್ತಲಿಲ್ಲ. ಒಂದೊಂದು ಶಿಳ್ಳೆಗೂ, ಇದೋ ಬಿತ್ತು, ಇದೋ ಬಿತ್ತು ಎಂದುಕೊಂಡು ಅನ್ನ ನುಂಗದೆ ಕೂತರು.

ಕ್ಯಾಷಿಯರಮ್ಮ ಎದ್ದು ಹಿತ್ತಲ ಬಾಗಿಲು ತೆರೆದು ಹೊರಗೆ ಹೋದರು. ಬಾಗಿಲು ತೆರೆದೇ ಇತ್ತು, ಆದರೂ ಮರಳು ಒಳಗೆ ಬರಲಿಲ್ಲ. ಇದನ್ನು ಮೊದಲು ಗಮನಿಸಿದವಳು ಮಗಳು. ಅವಳು ಎದ್ದಳು, ಅವಳ ಹಿಂದೆ ಜೀವ ಕೈಯಲ್ಲಿ ಹಿಡಿದುಕೊಂಡು ಮಾಸ್ಟರು.

ಬೇಲಿ ನಿಂತಿತ್ತು. ಆಚೆ ಮರಳು ಹೊಗೆಯಂತೆ ಏಳುತ್ತಿತ್ತು. ಆ ಹೊಗೆ ರಭಸದಿಂದ ಬಂದು ಹಲಗೆಗೆ ಬಡಿದು, ಸಂದಿಯಲ್ಲಿ ಸೀಳಿ ಸೀಳಿ ನುಸುಳಿ, ಈಚೆ ಬರುವಷ್ಟರಲ್ಲಿ ಸುಸ್ತಾಗಿಬಿಡುತ್ತಿತ್ತು. ಹೊತ್ತು ತಂದ ಮರಳನ್ನು ಅಲ್ಲೇ ಬೇಲಿಯ ಬುಡದಲ್ಲಿ ಇಳಿಸಿಬಿಡುತ್ತಿತ್ತು. ಉದ್ದಕ್ಕೂ ಒಂದು ಪಟ್ಟಿ, ಅಂಚು ಮಡಿಚಿ ಹೊಲಿದ ಹಾಗೆ. ಜಗಲಿಯ ಬಳಿ ಬರೀ ತಂಗಾಳಿ. ಕ್ಯಾಷಿಯರಮ್ಮ ಜಗಲಿಯ ನಡುವೆ ನಿಂತಿದ್ದರು, ಅವರ ಮುಂಗೂದಲು ಸ್ವಲ್ಪವೇ ಅಲುಗುತ್ತಿತ್ತು. ಅತ್ತ ಬೀದಿಯ ಮೂಲೆಯಲ್ಲಿ ಗ್ಯಾರೇಜಿನವನು ಸುತ್ತಲೂ ಸಂದಿಯೇ ಇಲ್ಲದಂತೆ ಹೊಡೆಸಿದ್ದ ತಗಡಿನ ಬೇಲಿ ನೆಲಕ್ಕೆ ಒರಗಿ ಬಡಬಡ ಬಡಿದುಕೊಳ್ಳುತ್ತಿತ್ತು. ಅದು ಗಾಳಿಗೆ ಪೂರ್ತಿ ಅಡ್ಡ ನಿಂತಿತ್ತು, ಮಾಸ್ಟರ ಬೇಲಿ ಅರ್ಧ ದಾರಿ ಬಿಟ್ಟಿತ್ತು.

"ನಿಮಗೆ ಇದು ಮೊದಲೇ ಗೊತ್ತಿತ್ತಾ?" ಎಂದು ಕೇಳಿದರು ಕ್ಯಾಷಿಯರಮ್ಮ.

ಗೊತ್ತಿತ್ತು ಎಂದುಬಿಡಬಹುದಿತ್ತು. ಮಗಳು ಬೇರೆ ಕಣ್ಣರಳಿಸಿ ಅಪ್ಪನನ್ನೇ ನೋಡುತ್ತಿದ್ದಳು. ಆ ಒಂದು ಮಾತಿನಿಂದ ಬೀದಿಯಲ್ಲಿ ವರ್ಷಗಟ್ಟಲೆ ಮೆರೆಯಬಹುದಿತ್ತು. ಮಾಸ್ಟರ ನಾಲಿಗೆಯ ತುದಿಗೂ ಬಂತು.

"ಇಲ್ಲ ಕಣೆ," ಎಂದರು. "ಹಲಗೆ ಸಾಲಲಿಲ್ಲ ಅಷ್ಟೆ."

ಕ್ಯಾಷಿಯರಮ್ಮ ಅವರ ಮುಖವನ್ನು ಒಂದು ಗಳಿಗೆ ನೋಡಿದರು. ಆ ನೋಟದಲ್ಲಿ ಇದ್ದದ್ದು ಬರೀ ಪ್ರೀತಿ, ಬೇರೆ ಹೆಸರು ಹುಡುಕಬೇಕಾಗಿಲ್ಲ. ಆಮೇಲೆ ಒಳಗೆ ಹೋಗಿ, ಹೊಲಿಗೆ ಕೋಣೆಯಿಂದ ಕೂಗಿದರು. ಮಾಸ್ಟರು ಹೋಗಿ ನೋಡಿದರೆ ಆಕೆ ಮಿಷನ್ನಿನ ಒಂದು ತುದಿಯನ್ನು ಹಿಡಿದು ಬಗ್ಗಿದ್ದರು. ಸೊಂಟ ಎಂದು ಗಂಡ ಗಾಬರಿಯಾದರೆ, ಸೊಂಟದ ಚಿಂತೆ ನನಗಿರಲಿ, ನೀವು ಆ ತುದಿ ಹಿಡಿಯಿರಿ ಎಂದು ಗದರಿದರು. ಮಗಳೂ ಕೈ ಹಾಕಿದಳು. ಎರಡು ಕಡೆ ಇಳಿಸಿ, ಒಮ್ಮೆ ಬಾಗಿಲ ಚೌಕಟ್ಟಿಗೆ ತಗುಲಿಸಿ, ಅಂತೂ ಕಬ್ಬಿಣದ ಕಾಲಿನ ಆ ಭಾರದ ಮಿಷನ್ನನ್ನು ಜಗಲಿಗೆ ತಂದಿಟ್ಟರು. ಒಳಗಿನ ಎರಡು ಕುರ್ಚಿಗಳಲ್ಲಿ ಒಂದು ಮಿಷನ್ನಿನ ಹಿಂದೆ ಬಂತು, ಇನ್ನೊಂದು ಪಕ್ಕದಲ್ಲಿ. ಪಕ್ಕದ ಕುರ್ಚಿಯಲ್ಲಿ ಕ್ಯಾಷಿಯರಮ್ಮ ಕೂತು ಕಾಲು ಚಾಚಿದರು.

ಮಾಸ್ಟರು ಅರ್ಧಕ್ಕೆ ನಿಂತಿದ್ದ ಒಂದು ಅಂಗಿಯನ್ನು ತಂದು ಸೂಜಿಯ ಕೆಳಗಿಟ್ಟರು. ಕಣ್ಣು ಮಂಜಾಗಿ ದಾರ ಪೋಣಿಸುವುದು ಎರಡು ಸಲ ತಪ್ಪಿತು, ಅದಕ್ಕೆ ಮರಳು ಕಾರಣವಲ್ಲ. ಮೂರನೇ ಸಲಕ್ಕೆ ಪೋಣಿಸಿ ಪೆಡಲು ತುಳಿದರು. ಬಯಲಲ್ಲಿ ಮಿಷನ್ನಿನ ಸದ್ದು ಒಳಗಿದ್ದಾಗಿನ ಎರಡರಷ್ಟಾಯಿತು.

ಅಷ್ಟರಲ್ಲಿ ಮಗಳ ಫೋನು ಹೊಡೆದುಕೊಂಡಿತು. ಫ್ಲ್ಯಾಟಿನ ಮಾಲೀಕರು, ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಲು ಮಾಡಿದ್ದರು. ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಕಣ್ಣು ಮುಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದರು. ಬೇರೆಯವರಿಗೆ ಕೊಟ್ಟುಬಿಡಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಎಂದು ಮಗಳು ಫೋನಿನಲ್ಲಿ ಹೇಳಿದಳು. ಏನೂ ಕೇಳಿಸುತ್ತಿಲ್ಲ, ಅಲ್ಲಿ ಅದೇನು ಅಷ್ಟೊಂದು ಶಬ್ದ ಎಂದು ಮಾಲೀಕರು ಆ ಕಡೆಯಿಂದ ಕೇಳಿದರು.

"ಅದು ನಮ್ಮಪ್ಪ," ಎಂದಳು ಮಗಳು ಗಟ್ಟಿಯಾಗಿ. "ಹೊಲೀತಾ ಇದ್ದಾರೆ."